ಕೇಜಿಗೆ ಎಷ್ಟು?

ನಮ್ಮ ಮನೆಗೆ ಮೊದಲ ಸಲ ಬಂದವರು ಬಾಲ್ಕನಿಯ ಮೂಲೆಯಲ್ಲಿರುವ ಮಣ್ಣಿನ ಮಡಕೆಯನ್ನು ಕಂಡು ಮೂರು ಪ್ರಶ್ನೆ ಕೇಳುತ್ತಾರೆ. ಕಚ್ಚುತ್ತಾ? ತುಪ್ಪ ಎಷ್ಟು ಬರುತ್ತೆ? ಕೇಜಿಗೆ ಎಷ್ಟು? ಇಷ್ಟು ವರ್ಷಗಳಲ್ಲಿ ಈ ಪ್ರಶ್ನೆಗಳಾಗಲಿ, ಅವುಗಳ ಅನುಕ್ರಮವಾಗಲಿ ಬದಲಾದದ್ದಿಲ್ಲ. ಮೊದಲನೆಯದಕ್ಕೆ ‘ಇಲ್ಲ, ಇವಕ್ಕೆ ಚುಚ್ಚಲು ಬರುವುದಿಲ್ಲ’ ಎಂದ ಕೂಡಲೇ ಒಂದು ಹೆಜ್ಜೆ ಮುಂದೆ ಬರುತ್ತಾರೆ. ಎರಡನೆಯದಕ್ಕೆ ‘ವರ್ಷಕ್ಕೆ ಹೆಚ್ಚೆಂದರೆ ಕಾಲು ಕೇಜಿ, ಅದೂ ಅವಕ್ಕೆ ಮನಸ್ಸಿದ್ದರೆ’ ಎಂದಾಗ ಇಟ್ಟ ಹೆಜ್ಜೆಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಾರೆ. ಮೂರನೆಯದಕ್ಕೆ ‘ಮಾರುವುದಿಲ್ಲ’ ಎಂದೆನೋ, ಮುಖದಲ್ಲಿ ಮರುಕ ಮೂಡುತ್ತದೆ. ಪಾಪ, ಓದಿದ ಮನುಷ್ಯ, ಸಂಬಳ ಬೇರೆ ಬರುತ್ತದೆ, ಹೀಗೇಕಾದ ಎಂಬಂಥ ಮರುಕ.

ಮಡಕೆಯಲ್ಲಿರುವುದು ಮುಜಂಟಿ ಜೇನು. ಅದು ನಮ್ಮ ಪುತ್ತೂರು ಕಡೆಯ ಹೆಸರು. ಘಟ್ಟದ ಮೇಲೆ ಶಿರಸಿ, ಸಿದ್ದಾಪುರದವರು ಮಿಸರಿ ಎನ್ನುತ್ತಾರೆ, ನಸರಿ ಎನ್ನುವವರೂ ಇದ್ದಾರೆ. ಹೆಜ್ಜೇನು, ತುಡುವೆ, ಕೋಲುಜೇನುಗಳ ಬಳಗದಲ್ಲಿ ಇದು ಬಡ ನೆಂಟ. ಮೈಯುದ್ದ ಮೂರು ನಾಲ್ಕು ಮಿಲಿಮೀಟರ್, ಬಣ್ಣ ಕಪ್ಪು. ನೊರಜು ಎಂದುಕೊಂಡು ಕೈ ಬೀಸುವವರೇ ಹೆಚ್ಚು. ಕೊಂಡಿ ಇದೆ, ಹೆಸರಿಗಷ್ಟೇ, ಕೆಲಸಕ್ಕೆ ಬಾರದು. ಹಾಗೆಂದು ಅಬಲೆಯೆಂದು ತಿಳಿಯಬೇಕಿಲ್ಲ. ರೇಗಿದರೆ ತಲೆಗೂದಲಿಗೆ ನುಗ್ಗಿ ಬುಡ ಕಚ್ಚಿ ಜಗ್ಗುತ್ತದೆ, ಕಿವಿಯೊಳಗೆ ಇಳಿಯುತ್ತದೆ, ಮೂಗಿನ ಹೊಳ್ಳೆ ವಿಚಾರಿಸುತ್ತದೆ, ಸಿಕ್ಕಲ್ಲಿ ಅಂಟು ಮೆತ್ತುತ್ತದೆ. ಬೋಳುತಲೆಯವರಿಗೆ ಇದರಲ್ಲಿ ಸ್ವಲ್ಪ ರಿಯಾಯಿತಿ. ಈ ಹವ್ಯಾಸ ನನಗೆ ಒಗ್ಗಿಹೋದ ಕಾರಣಗಳಲ್ಲಿ ಅದೂ ಒಂದು.

ಇವು ನನ್ನ ಪಾಲಿಗೆ ಬಂದದ್ದು ಅಜ್ಜನ ಮನೆಯ ಮಣ್ಣಿನ ಗೋಡೆ ಕೆಡವುವಾಗ. ಹೊಸ ಮನೆಯ ನಕ್ಷೆಯಲ್ಲಿ ದೇವರಿಗೂ ಕಾರಿಗೂ ಕೋಣೆಯಿತ್ತು, ಮುಜಂಟಿಗೆ ಇರಲಿಲ್ಲ. ಸೋದರಮಾವ ಗೋಡೆಯ ಬಿರುಕಿನಿಂದ ಗೂಡನ್ನು ರಾಣಿ, ಮೊಟ್ಟೆ, ಪರಾಗ ಸಮೇತ ಮಡಕೆಗೆ ಇಳಿಸಿದರು. ಕತ್ತಲಾಗಿ ಹುಳಗಳೆಲ್ಲ ಒಳಸೇರಿದ ಮೇಲೆ ಬಾಯಿಗೆ ಬಿಳಿ ಬಟ್ಟೆ ಬಿಗಿದು ನನ್ನನ್ನು ಬೆಂಗಳೂರಿನ ರಾತ್ರಿ ಬಸ್ಸು ಹತ್ತಿಸಿದರು. ಬಿಳಿ ಬಟ್ಟೆ ಕಟ್ಟಿದ ಮಣ್ಣಿನ ಮಡಕೆಯನ್ನು ತೊಡೆಯ ಮೇಲಿಟ್ಟುಕೊಂಡು, ಅಲುಗದಂತೆ ಎರಡೂ ಕೈಯಲ್ಲಿ ಹಿಡಿದು, ನಿದ್ದೆಗೆಟ್ಟು ಕೂತವನನ್ನು ಕಂಡರೆ ನಾಲ್ಕು ಜನ ಏನೆಂದುಕೊಳ್ಳಬಹುದು? ಕಂಡಕ್ಟರರು ಲಗೇಜಿನ ಮಾತೇ ಎತ್ತದೆ ‘ಮುಂದಿನ ಸೀಟಲ್ಲಿ ಕೂತ್ಕೊಳ್ಳಿ, ಕುಲುಕಾಟ ಕಡಿಮೆ’ ಎಂದರು. ಸಕಲೇಶಪುರ ದಾಟಿದ ಮೇಲೆ ಪಕ್ಕದ ಹಿರಿಯರು ದನಿ ತಗ್ಗಿಸಿ, ‘ಯಾರದ್ದು?’ ಎಂದು ಕೇಳಿದರು.

‘ಅಜ್ಜನ ಮನೆಯದ್ದು’ ಎಂದೆ.

‘ಯಾವಾಗ ಆದದ್ದು?’

‘ತುಂಬ ವರ್ಷ ಆಯ್ತು. ಇಷ್ಟು ದಿನ ಗೋಡೆಯ ಒಳಗೇ ಇದ್ದವು.’

ಅವರು ಹಾಸನದವರೆಗೆ ನಿಂತೇ ಬಂದರು.

ಅಂದಿನಿಂದ ಬೆಳಿಗ್ಗೆ ಆಫೀಸಿಗೆ ಹೊರಡುವ ಮುಂಚೆ ಕಾಫಿ ಲೋಟ ಹಿಡಿದು ಮಡಕೆಯ ಮುಂದೆ ಕುಕ್ಕರಗಾಲಲ್ಲಿ ಕೂರುವುದು ನನ್ನ ರೂಢಿ. ಮಡಕೆಯ ತೂತಿನಿಂದ ಹೊರಕ್ಕೆ, ಮೇಣಕ್ಕೆ ಮರದ ಅಂಟು ಬೆರೆಸಿ ಕಟ್ಟಿದ ಗಿಡ್ಡ ಕೊಳವೆಯೊಂದು ಚಾಚಿದೆ. ಅದರ ಬಾಯಿಯ ಸುತ್ತ ಕಾವಲಿನವರು ತಲೆ ಹೊರಗಿಟ್ಟು ಕೂತಿರುತ್ತಾರೆ. ಬಿಸಿಲು ಬಿದ್ದ ಮೇಲೆ ವ್ಯವಹಾರ ಶುರು. ಹಿಂಗಾಲಿಗೆ ಹಳದಿ ಪರಾಗದ ಉಂಡೆ ಕಟ್ಟಿಕೊಂಡು ಬಂದವಳು ಭಾರಕ್ಕೆ ತೂಗಾಡುತ್ತ ಕೊಳವೆಯ ಬಾಯಿ ಸಿಗದೆ ಮಡಕೆಯ ಹೊಟ್ಟೆಗೆ ಢಿಕ್ಕಿ ಹೊಡೆಯುತ್ತಾಳೆ, ಹಿಂದೆ ಸರಿದು ಮತ್ತೆ ಬರುತ್ತಾಳೆ, ಕೊನೆಗೆ ಕಾವಲಿನವಳ ತಲೆಯ ಮೇಲೇ ಇಳಿಯುತ್ತಾಳೆ. ಅದೇ ಹೊತ್ತಿಗೆ ಒಳಗಿನಿಂದ ಇನ್ನೊಬ್ಬಳು ತನ್ನಷ್ಟೇ ದೊಡ್ಡ ಕಸದ ತುಣುಕನ್ನು ಬಾಯಲ್ಲಿ ಕಚ್ಚಿ ಹಿಂದು ಹಿಂದಾಗಿ ಹೊರಬರುತ್ತಾಳೆ. ಇಬ್ಬರೂ ದಾರಿ ಬಿಡುವುದಿಲ್ಲ. ಕಸದವಳು ಗೆದ್ದು, ಒಂದು ಗೇಣು ಹಾರಿ, ಕಸವನ್ನು ನೇರ ನನ್ನ ಚಪ್ಪಲಿಯ ಮೇಲೆ ಹಾಕಿ ಹೋಗುತ್ತಾಳೆ. ನಾನು ವಿಮಾ ಕಚೇರಿಯೊಂದರ ಲೆಕ್ಕಪತ್ರ ವಿಭಾಗದಲ್ಲಿರುವವನು. ದಿನವಿಡೀ ಇನ್ನೊಬ್ಬರ ವೋಚರಿಗೆ ಕೆಂಪು ಪೆನ್ನಿನಲ್ಲಿ ಗುರುತು ಹಾಕುವುದೇ ಕಾಯಕ. ಇಲ್ಲಿ ಯಾರು ಎಲ್ಲಿಂದ ಎಷ್ಟು ತಂದರು ಎಂದು ನಾನು ಕೇಳಬೇಕಿಲ್ಲ; ಪರಾಗ ತಂದವಳು ಬಿಲ್ಲು ತೋರಿಸಬೇಕಿಲ್ಲ. ಲೋಟದ ಕಾಫಿ ಆರಿದ್ದು ಗೊತ್ತಾಗದ ಹೊತ್ತು ದಿನದಲ್ಲಿ ನನಗೆ ಸಿಗುವುದು ಅಷ್ಟೇ.

ಇದು ಹೀಗೇ ನಡೆದುಕೊಂಡು ಹೋಗುತ್ತಿತ್ತು, ನನ್ನ ಬಾಮೈದ ಬರದೇ ಇದ್ದಿದ್ದರೆ.

ಬಾಮೈದ ಒಂದು ಸ್ಟಾರ್ಟ್‌ಅಪ್ಪಿನಲ್ಲಿ ‘ಗ್ರೋತ್’ ನೋಡಿಕೊಳ್ಳುತ್ತಾನೆ. ಯಾವುದು ಬೆಳೆಯುತ್ತಿದೆ ಎಂದು ನಾನು ಕೇಳಿಲ್ಲ. ಅವನ ಹೊಟ್ಟೆಯಂತೂ ಬೆಳೆದಿದೆ. ಒಂದು ಭಾನುವಾರ ಬಾಲ್ಕನಿಗೆ ಬಂದು, ಮಡಕೆಯನ್ನೂ ನನ್ನನ್ನೂ ಬದಲಿಸಿ ಬದಲಿಸಿ ನೋಡಿದ.

‘ಭಾವ, ನೀವು ಏನ್ ಇಟ್ಕೊಂಡಿದೀರಾ ಅಂತ ನಿಮಗೆ ಗೊತ್ತಾ?’

‘ಗೊತ್ತು. ಮುಜಂಟಿ.’

‘ಅಲ್ಲ ಭಾವ. ಪ್ರೀಮಿಯಂ ಪ್ರಾಡಕ್ಟು.’

ಲ್ಯಾಪ್‌ಟಾಪು ತೆರೆದ. ಮುಜಂಟಿ ತುಪ್ಪಕ್ಕೆ ಕೇಜಿಗೆ 2,000, 3,000 ಹೇಳುವವರು ಇದ್ದಾರೆ ಎನ್ನುವುದು ಸುಳ್ಳಲ್ಲ. ಹೆಚ್ಚಿನ ದರವನ್ನೇ ಹಿಡಿದರೂ ನನ್ನ ಕಾಲು ಕೇಜಿಗೆ ವರ್ಷದ ವಹಿವಾಟು 750 ರೂಪಾಯಿ. ತಿಂಗಳಿಗೆ 62 ರೂಪಾಯಿ 50 ಪೈಸೆ. ಲೆಕ್ಕ ನನ್ನ ಕಸುಬಾದ್ದರಿಂದ ಇದನ್ನು ನಾನೇ ಬಾಯಲ್ಲಿ ಮಾಡಿ ಹೇಳಿದೆ. ಅವನು ಅಂಜಲಿಲ್ಲ. ‘ಅದಕ್ಕೇ ಸ್ಕೇಲ್ ಮಾಡ್ಬೇಕು’ ಎಂದ. ಓನರ್ ಮನೆಯ ತಾರಸಿಯ ಮೇಲೆ ನೂರು ಮಡಕೆ. ಮುಜಂಟಿ ಕೆಲವು ನೂರು ಮೀಟರಿನಾಚೆಗೆ ಹಾರುವುದಿಲ್ಲ, ಬನಶಂಕರಿಯ ನಮ್ಮ ರಸ್ತೆಯಲ್ಲಿ ಎರಡು ನುಗ್ಗೆಮರ, ಒಂದು ಹೊಂಗೆ, ಮನೆಗೊಂದು ತುಳಸಿ ಬಿಟ್ಟರೆ ಹೂವೆಂಬುದು ಹೂವಾಡಗಿತ್ತಿಯ ಬುಟ್ಟಿಯಲ್ಲಿ ಮಾತ್ರ ಇರುವುದು, ನೂರು ಮಡಕೆಯ ಸಂಸಾರ ಉಪವಾಸ ಬೀಳುತ್ತದೆ ಎಂದೆ. ‘ಅದು ಸಪ್ಲೈ ಸೈಡ್ ಪ್ರಾಬ್ಲಂ, ಆಮೇಲೆ ನೋಡೋಣ’ ಎಂದ. ಮೊದಲು ಬ್ರಾಂಡ್ ಆಗಬೇಕಂತೆ. ಹೆಸರು ‘ಅಜ್ಜನ ಗೋಡೆ’. ಐವತ್ತು ಗ್ರಾಮಿನ ಗಾಜಿನ ಬಾಟಲಿ, ಕತ್ತಿಗೆ ಸೆಣಬಿನ ದಾರ, ಮೇಲೆ ಅಜ್ಜನ ನಗುವ ಚಿತ್ರ. ಅಜ್ಜನದ್ದು ಇರುವುದು ಒಂದೇ ಫೋಟೊ. ಜಮೀನಿನ ಕೇಸಿನಲ್ಲಿ ಸೋತ ವಾರ ತೆಗೆಸಿದ್ದು. ಅವರು ನಕ್ಕದ್ದನ್ನು ನಮ್ಮ ವಂಶದಲ್ಲಿ ಯಾರೂ ಕಂಡಿಲ್ಲ. ‘ಚಿಂತೆಯಿಲ್ಲ, ಎಐ ನಗಿಸುತ್ತೆ’ ಎಂದ ಬಾಮೈದ. ಅದೇ ಸಂಜೆ ನಗಿಸಿಯೂ ಬಿಟ್ಟ. ವಾಟ್ಸಾಪಿನಲ್ಲಿ ಆ ಚಿತ್ರ ನೋಡಿದ ನನ್ನ ಅಮ್ಮ ಊರಿನಿಂದ ಫೋನು ಮಾಡಿ ‘ಇವರು ಯಾರು, ನೋಡಿದ ಹಾಗೆ ಉಂಟಲ್ಲ’ ಎಂದು ಕೇಳಿದರು.

ಬಾಮೈದನ ಮೇಲೆ ನನಗೆ ಸಿಟ್ಟಿಲ್ಲ. ಅವನು ನನ್ನನ್ನು ಹೊಗಳುತ್ತಿದ್ದಾನೆ ಎಂಬುದು ಸ್ವಲ್ಪ ತಡವಾಗಿಯಾದರೂ ನನಗೆ ಹೊಳೆಯಿತು. ಈಚೆಗೆ ಮೆಚ್ಚುಗೆಗೆ ಉಳಿದಿರುವುದು ಒಂದೇ ವಾಕ್ಯ: ‘ಇದನ್ನ ನೀವು ಮಾರಬಹುದು.’ ಹಿಂದೆ ಯಾರ ಮನೆಯಲ್ಲಾದರೂ ಸಂಡಿಗೆ ಚೆನ್ನಾಗಿದ್ದರೆ ‘ಕೈಗೆ ಬಳೆ ತೊಡಿಸಬೇಕು’ ಎನ್ನುತ್ತಿದ್ದರು. ಬಳೆಯನ್ನು ಯಾರೂ ತೊಡಿಸುತ್ತಿರಲಿಲ್ಲ, ಆದರೆ ಮಾತಿಗೆ ಒಂದು ತೂಕವಿತ್ತು. ಹೆಚ್ಚೆಂದರೆ ಮಾಡುವ ಕ್ರಮ ಕೇಳುತ್ತಿದ್ದರು, ಮನೆಯಾಕೆ ಒಂದು ಸಾಮಾನು ಬಿಟ್ಟು ಹೇಳುತ್ತಿದ್ದಳು, ಸ್ನೇಹ ಹಾಗೇ ಉಳಿಯುತ್ತಿತ್ತು. ಈಗ ಹುಡುಗಿ ಅಂಗಳದಲ್ಲಿ ಚುಕ್ಕಿಯಿಟ್ಟು ರಂಗೋಲಿ ಮುಗಿಸುವ ಮೊದಲೇ ‘ಚಾನೆಲ್ ಶುರು ಮಾಡು’ ಎನ್ನುತ್ತಾರೆ. ಬಚ್ಚಲಲ್ಲಿ ಹಾಡುವವನಿಗೆ ‘ಮದುವೆ ಆರ್ಕೆಸ್ಟ್ರಾದಲ್ಲಿ ಕೇಳಿ ನೋಡಿ’ ಎನ್ನುತ್ತಾರೆ. ಮೇಲಿನ ಮನೆಯ ರಾಯರು ಬೆಳಗಿನ ಜಾವ ವಾಕಿಂಗ್ ಹೋಗುತ್ತಾರೆ. ಹೇಗೂ ನಿಮ್ಮ ನಾಯಿಯನ್ನು ಕರೆದುಕೊಂಡು ಹೋಗುತ್ತೀರಿ, ಜೊತೆಗೆ ಬೀದಿಯವರ ನಾಲ್ಕು ನಾಯಿ ಹಿಡಿದರೆ ತಿಂಗಳಿಗೆ ಇಷ್ಟು ಎಂದು ಅವರಿಗೂ ಯಾರೋ ಹೇಳಿದ್ದಾರಂತೆ. ರಾಯರು ಎರಡು ದಿನ ವಾಕಿಂಗೇ ಬಿಟ್ಟಿದ್ದರು.

ಮನೆ ನಡೆಸಲು ಹಪ್ಪಳ ಲಟ್ಟಿಸುವವರ ಬಗ್ಗೆ ನನ್ನ ಮಾತಲ್ಲ. ಸಂಬಳ ಸಾಲದಿದ್ದಾಗ ನಾನೂ ಸಂಜೆ ಲೆಕ್ಕದ ಟ್ಯೂಷನ್ ಹೇಳಿದವನೇ; ಅದನ್ನು ಹವ್ಯಾಸವೆಂದು ಕರೆಯುವ ಧೈರ್ಯ ನನಗಾಗಲಿ ಆ ಮಕ್ಕಳಿಗಾಗಲಿ ಇರಲಿಲ್ಲ. ಹೊಟ್ಟೆ ತುಂಬಿದ ಮೇಲೂ ಬೆರಳು ಸುಮ್ಮನಿರದೆ ಏನಾದರೊಂದು ಮಾಡುತ್ತದಲ್ಲ, ಅದಕ್ಕೂ ದರಪಟ್ಟಿ ಅಂಟಿಸಬೇಕೇ ಎಂಬುದು ನನ್ನ ತಕರಾರು. ನಮ್ಮ ಆಫೀಸಿನಲ್ಲಿ ಒಬ್ಬರು ಕೇಕು ಮಾಡುತ್ತಿದ್ದರು. ಶನಿವಾರ ಮಾಡಿ ಸೋಮವಾರ ತರುತ್ತಿದ್ದರು. ಒಂದು ವಾರ ಕಿತ್ತಳೆ ಸಿಪ್ಪೆ, ಇನ್ನೊಂದು ವಾರ ಹಲಸಿನ ಹಣ್ಣು. ಕೆಲವು ಕಲ್ಲಾಗುತ್ತಿದ್ದವು, ನಾವು ತಿನ್ನುತ್ತಿದ್ದೆವು. ‘ಇದನ್ನ ನೀವು ಮಾರಬಹುದು’ ಎಂದು ನಾವೇ, ಬಾಯಿ ತುಂಬ ಕೇಕಿಟ್ಟುಕೊಂಡು, ಹೇಳಿದೆವು. ಮಾರತೊಡಗಿದರು. ಆಮೇಲೆ ಕಿತ್ತಳೆಯೂ ಇಲ್ಲ ಹಲಸೂ ಇಲ್ಲ. ಗಿರಾಕಿಗಳು ಕೇಳುವುದು ಮೊಟ್ಟೆಯಿಲ್ಲದ ಚಾಕಲೇಟು, ಮೇಲೆ ಕ್ರಿಕೆಟಿಗನ ಮುಖ. ರಾತ್ರಿ ಎರಡು ಗಂಟೆಗೆ ಸಕ್ಕರೆ ಹಿಟ್ಟಿನಲ್ಲಿ ಮೂಗು ಮೆತ್ತುವುದು, ಬೆಳಿಗ್ಗೆ ಸೆಕೆಗೆ ಆ ಮೂಗು ಗದ್ದಕ್ಕೆ ಜಾರುವುದು, ‘ಇದು ನಮ್ಮ ಹುಡುಗನ ಹೀರೋ ಅಲ್ಲ, ಇವನು ರಿಟೈರ್ ಆದವನು’ ಎಂದು ಫೋನು ಬರುವುದು. ಈಗ ಅವರು ಆಫೀಸಿಗೆ ಏನೂ ತರುವುದಿಲ್ಲ. ಅವರ ಹುಟ್ಟುಹಬ್ಬಕ್ಕೆ ನಾವು ಬೇಕರಿಯಿಂದ ಕೇಕು ತಂದೆವು. ಚಾಕು ಹಿಡಿದು ಅದರ ಪಕ್ಕೆಯನ್ನು ದಿಟ್ಟಿಸಿ ‘ಇದಕ್ಕೆ ಎಷ್ಟು ತಗೊಂಡ್ರು?’ ಎಂದು ಕೇಳಿದರು.

ಮಾರಾಟದ ಹಂಗಿಲ್ಲದ ಹವ್ಯಾಸಕ್ಕೆ ಜೇನಿನ ಚರಿತ್ರೆಯಲ್ಲೇ ದೊಡ್ಡ ನಿದರ್ಶನವಿದೆ. ಜಿನೀವಾದ ಫ್ರಾಂಸ್ವಾ ಹ್ಯೂಬರ್ ಎಂಬಾತ, ಹುಟ್ಟಿದ್ದು 1750ರಲ್ಲಿ, ಹರೆಯದಲ್ಲೇ ಕಣ್ಣು ಕಳೆದುಕೊಂಡವನು. ಜೇನಿನ ಗೂಡಿನೊಳಗೆ ಏನು ನಡೆಯುತ್ತದೆ ಎಂದು ಕಣ್ಣಿದ್ದವರಿಗೆ ಗೊತ್ತಿರದ ಎಷ್ಟೋ ಸಂಗತಿಗಳನ್ನು ಜಗತ್ತಿಗೆ ಹೇಳಿದವನು ಈತ. ಪುಸ್ತಕದ ಹಾಳೆ ತಿರುವಿದ ಹಾಗೆ ತೆರೆದು ನೋಡಬಹುದಾದ ಗೂಡನ್ನು ಮಾಡಿಸಿದ. 1792ರಲ್ಲಿ ತನ್ನ ಅವಲೋಕನಗಳನ್ನು ಅಚ್ಚು ಹಾಕಿಸಿದ. ನೋಡಿ ಹೇಳಲು ಬರ್ನೆನ್ಸ್ ಎಂಬ ಸೇವಕನಿದ್ದ. ಮೊಟ್ಟೆಯಿಡುವ ಕೆಲಸಗಾತಿ ನೊಣ ಇದ್ದೀತೇ ಎಂದು ಹ್ಯೂಬರನಿಗೆ ಸಂದೇಹ ಬಂದಾಗ, ಈ ಬರ್ನೆನ್ಸ್ ಎರಡು ಗೂಡುಗಳ ಒಂದೊಂದು ನೊಣವನ್ನೂ ಕೈಯಲ್ಲಿ ಹಿಡಿದು ಪರೀಕ್ಷಿಸಿದ. ಹನ್ನೊಂದು ದಿನ ಹಿಡಿಯಿತು. ಅವು ನಮ್ಮ ಮುಜಂಟಿಯಲ್ಲ, ಚುಚ್ಚುವ ಜಾತಿ. ಹ್ಯೂಬರನ ಮನೆಯಲ್ಲಿ ಅನುಕೂಲವಿತ್ತು, ತುಪ್ಪ ಮಾರಿ ಬದುಕಬೇಕಾಗಿರಲಿಲ್ಲ ಎನ್ನುವುದನ್ನು ಒಪ್ಪುತ್ತೇನೆ. ನಾನು ಈ ಕತೆಯನ್ನು ಬಹಳ ಹುರುಪಿನಿಂದ ಹೇಳಿದಾಗ ನನ್ನ ಹೆಂಡತಿ, ‘ಹವ್ಯಾಸ ಯಜಮಾನರದ್ದು, ಚುಚ್ಚಿಸಿಕೊಂಡವನು ಕೆಲಸದವನು’ ಎಂದಳು. ಬಾಲ್ಕನಿಯ ನೆಲಕ್ಕೆ ಹತ್ತಿದ ಮೇಣವನ್ನು ಕೆರೆದು ತೆಗೆಯುವುದು ಅವಳು. ಆ ವಿಷಯವನ್ನು ನಾನು ಮುಂದುವರಿಸಲಿಲ್ಲ.

ಹ್ಯೂಬರನನ್ನು ಓದಿಕೊಂಡಿದ್ದ ಜೇನಿನ ಮರುಳರಲ್ಲಿ ಅಮೆರಿಕದ ಲ್ಯಾಂಗ್‌ಸ್ಟ್ರಾತ್ ಒಬ್ಬ. ವೃತ್ತಿಯಲ್ಲಿ ಪಾದ್ರಿ. ಆಗಾಗ ತೀರ ಖಿನ್ನತೆ ಕವಿದು ಉಪದೇಶ ಮಾಡಲೂ ಆಗದೆ ಕೂರುತ್ತಿದ್ದ. ಆ ಮಬ್ಬಿನಿಂದ ತಪ್ಪಿಸಿಕೊಳ್ಳಲು ಜೇನಿನ ಹತ್ತಿರ ಹೋಗುತ್ತಿದ್ದ. ಹಾಗೆ ನೋಡುತ್ತ ನೋಡುತ್ತ 1851ರಲ್ಲಿ ಒಂದು ಸಣ್ಣ ಸಂಗತಿಯ ಬೆಲೆ ಕಂಡುಕೊಂಡ: ಗೂಡಿನಲ್ಲಿ ಒಂದು ಸೆಂಟಿಮೀಟರಿಗೆ ತುಸು ಕಡಿಮೆ ಸಂದು ಬಿಟ್ಟರೆ ನೊಣಗಳು ಅದನ್ನು ಮೇಣದಿಂದಲೂ ಮುಚ್ಚುವುದಿಲ್ಲ, ಎರಿಯನ್ನೂ ಕಟ್ಟುವುದಿಲ್ಲ, ಓಡಾಡುವ ಹಾದಿಯಾಗಿ ಉಳಿಸಿಕೊಳ್ಳುತ್ತವೆ. ಅಷ್ಟು ಸಾಕು, ಎರಿಗಳನ್ನು ಚೌಕಟ್ಟು ಸಮೇತ ಎತ್ತಿ ನೋಡಿ ಮತ್ತೆ ಇಡುವ ಪೆಟ್ಟಿಗೆ ತಯಾರಾಯಿತು. ಇವತ್ತು ಜಗತ್ತಿನ ಮೂಲೆಮೂಲೆಯಲ್ಲಿ, ನಮ್ಮ ಸುಳ್ಯದ ಅಡಿಕೆ ತೋಟದಲ್ಲಿ ಕೂಡ, ಜೇನುಪೆಟ್ಟಿಗೆ ನಿಂತಿರುವುದು ಆ ಸಂದಿನ ಮೇಲೆ. ಇಲ್ಲಿಗೇ ನಿಲ್ಲಿಸಿದ್ದರೆ ಮನುಷ್ಯ ಆರಾಮಾಗಿರುತ್ತಿದ್ದ. 1852ರಲ್ಲಿ ಪೇಟೆಂಟ್ ಮಾಡಿಸಿದ. ಪೆಟ್ಟಿಗೆ ಎಷ್ಟು ಸಲೀಸಾಗಿತ್ತೆಂದರೆ ಹಲಗೆ, ಮೊಳೆ ಇದ್ದವರೆಲ್ಲ ಅದನ್ನೇ ಹೊಡೆದುಕೊಂಡರು. ಲ್ಯಾಂಗ್‌ಸ್ಟ್ರಾತ್ ಕೋರ್ಟು ಹತ್ತಿದ. ವರ್ಷಗಟ್ಟಲೆ ವ್ಯಾಜ್ಯವಾಡಿಯೂ ಪೇಟೆಂಟಿನಿಂದ ಹೇಳಿಕೊಳ್ಳುವಂಥ ದುಡ್ಡು ಅವನ ಕೈ ಸೇರಲಿಲ್ಲ. ಮನಸ್ಸಿನ ಭಾರ ಇಳಿಸಿಕೊಳ್ಳಲು ಜೇನು ಸಾಕಿದವನಿಗೆ, ಜೇನಿನ ಭಾರ ಇಳಿಸಿಕೊಳ್ಳಲು ಇನ್ನೇನು ಸಾಕಬೇಕಿತ್ತೋ!

ಇದನ್ನು ಬಾಮೈದನಿಗೆ ಹೇಳಿದೆ. ‘ಅವನ ಲಾಯರು ಸರಿಯಿರಲಿಲ್ಲ’ ಎಂದ.

ಕೋರ್ಟಿನ ಮಾತು ಬಂತು, ನಮ್ಮ ಮುಜಂಟಿಗಳೂ ಒಮ್ಮೆ ವ್ಯಾಜ್ಯದ ಹೊಸ್ತಿಲವರೆಗೆ ಹೋಗಿ ಬಂದಿವೆ. ಮುಜಂಟಿಗೆ ಅಂಟಿನ ಹುಚ್ಚು. ಹಲಸಿನ ಮೇಣ, ಮಾವಿನ ಸೊನೆ, ಏನು ಸಿಕ್ಕರೂ ಕಾಲಿಗೆ ಕಟ್ಟಿಕೊಂಡು ತರುತ್ತದೆ. ಮನೆ ಕಟ್ಟುವುದಕ್ಕೂ ಶತ್ರುವಿನ ಮೈಗೆ ಬಳಿಯುವುದಕ್ಕೂ ಅದೇ ಸಾಮಗ್ರಿ. ಎದುರು ಮನೆಯವರು ಯುಗಾದಿಗೆ ಗೇಟಿಗೆ ಹಸಿರು ಬಣ್ಣ ಹೊಡೆಸಿದರು. ಮಧ್ಯಾಹ್ನ ನೋಡಿದರೆ ಹಸಿ ಬಣ್ಣದ ಮೇಲೆ ನಮ್ಮವು ಸಾಲಾಗಿ ಕೂತು ಕೆರೆಯುತ್ತಿವೆ. ಸಂಜೆಗೆ ನಮ್ಮ ಮಡಕೆಯ ಕೊಳವೆಯ ಅಂಚಿಗೆ ಹಸಿರು ಕರೆ ಬಂದಿತ್ತು. ಸಾಗಣೆ ಮಾಡಿದವರ ಕಾಲುಗಳೂ ಹಸಿರು. ಎದುರು ಮನೆಯವರು ಭೂತಗನ್ನಡಿ ಹಿಡಿದು ಬಂದು ಕೊಳವೆಯನ್ನು ನೋಡಿದರು, ತಮ್ಮ ಗೇಟನ್ನು ನೋಡಿದರು. ‘ಲೀಟರಿಗೆ ಎಷ್ಟು ಕೊಟ್ಟಿದೀನಿ ಗೊತ್ತಾ?’ ಎಂದರು. ನಾನು ಒಂದು ಚಮಚ ತುಪ್ಪ ಕೊಟ್ಟೆ. ನಾಲಿಗೆಗೆ ಹಚ್ಚಿ ಕಣ್ಣು ಮುಚ್ಚಿದರು. ಕಣ್ಣು ತೆರೆದವರು ‘ಮುಂದಿನ ವರ್ಷ ನೀಲಿ ಹೊಡೆಸೋಣ ಅಂತಿದೀನಿ’ ಎಂದರು.

ಆ ತುಪ್ಪದ ಸಂಗತಿ ಹೇಳದಿದ್ದರೆ ಆಗದು. ಬೇಸಿಗೆಯ ಒಂದು ಸಂಜೆ ಮಡಕೆಯ ಮುಚ್ಚಳ ತೆಗೆಯುತ್ತೇನೆ. ಒಳಗೆ ಆರು ಮೂಲೆಯ ಎರಿ ಹುಡುಕಬೇಡಿ, ಮುಜಂಟಿ ಅದನ್ನು ಕಟ್ಟುವುದಿಲ್ಲ. ಗೋಲಿಗಿಂತ ಚಿಕ್ಕ ಕಂದು ಮೇಣದ ಕುಡಿಕೆಗಳು ಒಂದಕ್ಕೊಂದು ಒತ್ತಿಕೊಂಡಿರುತ್ತವೆ. ತುಪ್ಪದ್ದೇ ಒಂದು ಕಡೆ, ಪರಾಗದ್ದೇ ಒಂದು ಕಡೆ, ನಡುವೆ ಮರಿಗಳ ಕೋಣೆ. ಅಂಚಿನ ಕುಡಿಕೆಗಳಷ್ಟನ್ನೇ ಕಡ್ಡಿಯಿಂದ ಒಡೆದು ಸೂಜಿಯಿಲ್ಲದ ಸಿರಿಂಜಿನಲ್ಲಿ ಎಳೆದುಕೊಳ್ಳುವುದು, ಉಳಿದದ್ದನ್ನು ಅವಕ್ಕೇ ಬಿಡುವುದು. ನೀರು ನೀರಾದ, ಕಪ್ಪುಹಳದಿಯ ರಸ. ನಾಲಿಗೆಗೆ ಮೊದಲು ಹುಳಿ, ಹಿಂದಿನಿಂದ ಸಿಹಿ, ಕಟ್ಟಕಡೆಗೆ ಗಂಟಲಲ್ಲಿ ಮರದ ಅಂಟಿನ ಒಗರು. ಅಂಗಡಿಯ ಜೇನಿನ ಅಭ್ಯಾಸವಿದ್ದವರು ‘ಹಾಳಾಗಿದೆಯಾ?’ ಎಂದು ಕೇಳುತ್ತಾರೆ. ಅಂಥವರಿಗೆ ಮುಂದಿನ ವರ್ಷ ಕೊಡುವುದಿಲ್ಲ.

ಕೊಡುವುದು ಹೋಮಿಯೋಪತಿ ಗುಳಿಗೆಯ ಖಾಲಿ ಸೀಸೆಗಳಲ್ಲಿ. ಮಾರದಿರುವುದರ ನಿಜವಾದ ಸುಖ ಇರುವುದು ಇಲ್ಲಿ. ಇದನ್ನು ಔದಾರ್ಯವೆಂದು ಯಾರೂ ತಪ್ಪು ತಿಳಿಯಬಾರದು. ಮಾರುವವನು ದುಡ್ಡು ತಂದ ಯಾರಿಗೂ ಇಲ್ಲ ಎನ್ನುವಂತಿಲ್ಲ. ನಾನು ಧಾರಾಳವಾಗಿ ಇಲ್ಲ ಎನ್ನಬಹುದು. ಜಾತಕ ನೋಡಿದ ಹಾಗೆ ಒಬ್ಬೊಬ್ಬರ ವರ್ಷದ ನಡವಳಿಕೆ ತೂಗಿ ಸೀಸೆಯ ಗಾತ್ರ ಗೊತ್ತು ಮಾಡುತ್ತೇನೆ. ಪಾರ್ಕಿಂಗಿನಲ್ಲಿ ನನ್ನ ಸ್ಕೂಟರಿಗೆ ಅಡ್ಡ ಕಾರು ನಿಲ್ಲಿಸುವವರಿಗೆ ಸಣ್ಣದು. ಕೆಳಗಿನ ಮನೆಯ ಅಜ್ಜಿಗೆ ಕೆಮ್ಮಿಗೆಂದು ದೊಡ್ಡದು. ಅವರ ಕೆಮ್ಮು ಫೆಬ್ರವರಿ ಕೊನೆಗೆ ಶುರುವಾಗಿ ಸೀಸೆ ಕೈಗೆ ಬಂದ ದಿನ ನಿಲ್ಲುತ್ತದೆ. ಒಮ್ಮೆ ಅವರು ಮೊಮ್ಮಗಳ ಎಳೆಕೂಸಿಗೆ ನೆಕ್ಕಿಸಲು ಇನ್ನಷ್ಟು ಕೇಳಿದರು. ವರ್ಷ ತುಂಬದ ಮಗುವಿಗೆ ಜೇನು ಕೊಡಲೇಬಾರದು, ಮಕ್ಕಳ ಡಾಕ್ಟರುಗಳೆಲ್ಲ ಹೇಳುತ್ತಾರೆ ಎಂದೆ. ‘ನಿನಗೆ ಕೊಡಲಿಕ್ಕೆ ಮನಸ್ಸಿಲ್ಲ ಅನ್ನು’ ಎಂದರು. ಆ ವರ್ಷ ಅಜ್ಜಿಗೆ ಮಳೆಗಾಲದಲ್ಲೂ ಕೆಮ್ಮು ಬಂತು.

ಇನ್ನು ನನ್ನ ದೊಡ್ಡಮ್ಮನ ಮಗ. ಸುಳ್ಯದ ಹತ್ತಿರ ತುಡುವೆ ಪೆಟ್ಟಿಗೆ ಇಟ್ಟವನು, ಜೇನೇ ಅವನ ಜೀವನೋಪಾಯ. 1991ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತಕ್ಕೆ ಹೊಕ್ಕು ತುಡುವೆ ಸಂಸಾರಗಳನ್ನು ಒರೆಸಿಹಾಕಿದಾಗ ಅವನ ಅಪ್ಪನ ಪೆಟ್ಟಿಗೆಗಳು ಒಂದೊಂದಾಗಿ ಖಾಲಿಯಾದವು. ಮರಿಗಳು ಕೋಶದೊಳಗೇ ನೀರು ತುಂಬಿದ ಚೀಲವಾಗಿ ಸಾಯುತ್ತಿದ್ದವು ಎಂದು ಅವನು ಈಗಲೂ ಹೇಳುತ್ತಾನೆ. ಆ ಪೆಟ್ಟಿಗೆಗಳನ್ನು ಮತ್ತೆ ತುಂಬಿಸಿದವನು. ಅವನ ಮುಂದೆ ನಾನು ಜೇನಿನ ಬಗ್ಗೆ ಬಾಯಿ ಬಿಡುವುದಿಲ್ಲ. ಕಳೆದ ಸಲ ಬೆಂಗಳೂರಿಗೆ ಬಂದಾಗ ಬಾಮೈದನೂ ಮನೆಯಲ್ಲಿದ್ದ. ಜೇಬಿನಿಂದ ಒಂದು ಪುಟ್ಟ ಕೊಳವೆಯಂಥ ಯಂತ್ರ ತೆಗೆದು, ಅದರ ಗಾಜಿಗೆ ನನ್ನ ತುಪ್ಪದ ಎರಡು ಹನಿ ಬಿಟ್ಟು, ಕಿಟಕಿಯ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದ.

‘ನೀರು ಜಾಸ್ತಿ ಉಂಟು ಮಾರಾಯ. ಕಾನೂನು ಪ್ರಕಾರ 20 ಪರ್ಸೆಂಟ್ ದಾಟಬಾರದು. ಮುಜಂಟಿಯದ್ದು ಯಾವಾಗಲೂ ಹೀಗೇ.’

ನನ್ನ ಹುಳಗಳು ಫೇಲಾದ ಸುದ್ದಿಯನ್ನು ಇಷ್ಟು ಸಂತೋಷದಿಂದ ಯಾವ ಪೋಷಕರೂ ಕೇಳಿರಲಾರರು. ಬಾಮೈದನ ಮುಖ ಸಣ್ಣದಾಯಿತು. ಬೇರೆ ದಾರಿ ಇದೆಯೇ ಎಂದು ಕೇಳಿದ. ‘ನೀರು ಇಳಿಸುವ ಮೆಶೀನು ಉಂಟು. ಇಳಿಸಿದರೆ ಈ ಪರಿಮಳ ಇರುವುದಿಲ್ಲ’ ಎಂದ ಅಣ್ಣ. ಆಮೇಲೆ ಅವನು ಮಾಡಿದ್ದೇನೆಂದರೆ, ಚಾಪೆ ಎಳೆದುಕೊಂಡು ನನ್ನ ಮಡಕೆಯ ಮುಂದೆ ಕೂತದ್ದು. ಊಟಕ್ಕೆ ಕರೆದರೂ ಏಳಲಿಲ್ಲ. ಮನೆಯಲ್ಲಿ ಅಷ್ಟು ಪೆಟ್ಟಿಗೆ ಇಟ್ಟುಕೊಂಡು ಇಲ್ಲಿ ಬಂದು ಇದನ್ನು ನೋಡುತ್ತಿದ್ದೀಯಲ್ಲ ಎಂದರೆ, ‘ಅಲ್ಲಿ ಮುಚ್ಚಳ ತೆಗೆದರೆ ಎಷ್ಟು ಕೇಜಿ ಅಂತಲೇ ಕಾಣುವುದು’ ಎಂದ.

ಬಾಮೈದ ಬಿಡುವವನಲ್ಲ. ನಿಮಗೆ ಹವ್ಯಾಸ ಏನೂ ಇಲ್ಲವೇ ಎಂದು ಅಣ್ಣನನ್ನು ವಿಚಾರಿಸಿದ. ಅಣ್ಣ ತಾಳಮದ್ದಲೆಯ ಅರ್ಥಧಾರಿ. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಹಾಡಿದ ಪದಕ್ಕೆ ಕೂತಲ್ಲೇ ಮಾತು ಕಟ್ಟಿ ಎದುರಾಳಿಯನ್ನು ಬೆವರಿಳಿಸಬೇಕು. ಅದರಲ್ಲಿ ಅವನಿಗೆ ಹೆಸರಿದೆ, ಆದರೆ ಸಂಘಟಕರು ಕೊಡುವ ಕವರು ಮುಟ್ಟುವುದಿಲ್ಲ.

‘ಯಾಕೆ ಮುಟ್ಟಲ್ಲ? ಅದು ನಿಮ್ಮ ಸ್ಕಿಲ್ಲು.’

‘ಕವರು ತೆಗೊಂಡರೆ ಅವರು ಹೇಳಿದ ಪಾತ್ರ ಮಾಡಬೇಕಾಗ್ತದೆ. ಈಗ ಕರ್ಣಪರ್ವ ಇಟ್ಟರೆ ನಾನು ಶಲ್ಯ ಕೊಟ್ಟರೆ ಮಾತ್ರ ಬರುವುದು ಅಂತೇನೆ. ಕೊಡ್ತಾರೆ.’

‘ಶಲ್ಯನೇ ಯಾಕೆ?’

‘ರಾತ್ರಿಯಿಡೀ ಕರ್ಣನಿಗೆ ಬೈಯಬಹುದಲ್ಲ ಮಾರಾಯ! ರಥ ಹೊಡೆಯುವುದೂ ಅವನೇ, ಬೈಯುವುದೂ ಅವನೇ. ಅದಕ್ಕೆಲ್ಲ ದುಡ್ಡು ಕೊಡ್ತೇನೆ ಅಂದರೆ ನಾನೇ ಕೊಡಬೇಕು.’

ಬಾಮೈದ ಲ್ಯಾಪ್‌ಟಾಪಿನಲ್ಲಿ ಏನನ್ನೋ ಅಳಿಸಿದ.

ಆದರೂ ಅವನ ಕೈಗೆ ಕೊನೆಯ ಅಸ್ತ್ರವೊಂದು ಸಿಕ್ಕಿತು. ಮಡಕೆಯಲ್ಲಿ ಜಾಗ ಸಾಲದೆ ನಮ್ಮ ಮುಜಂಟಿಗಳು ಈ ವರ್ಷ ಪಾಲಾದವು. ಪಾಲಾದ ಸಂಸಾರ ಹೋಗಿ ಸೇರಿದ್ದು ಕೆಳಗಿನ ಕರೆಂಟ್ ಮೀಟರಿನ ಪೆಟ್ಟಿಗೆಗೆ. ಕತ್ತಲು, ಬೆಚ್ಚಗೆ, ಒಂದೇ ಒಂದು ತೂತು. ಮುಜಂಟಿ ಬಯಸುವ ಮೂರೂ ಅನುಕೂಲ ಅಲ್ಲಿತ್ತು. ಮಡಕೆಯದ್ದು ನನ್ನದಾದರೆ ಮೀಟರಿನದ್ದು ಮನೆ ಮಾಲೀಕರದ್ದು ಎಂಬ ನ್ಯಾಯ ಹಿಡಿದು ಬಾಮೈದ ನೇರ ಅವರ ಹತ್ತಿರ ಹೋದ. ಮಾಲೀಕರು ಲೋಕೋಪಯೋಗಿ ಇಲಾಖೆಯಲ್ಲಿ ಇಂಜಿನಿಯರಾಗಿ ನಿವೃತ್ತರಾದವರು. ಲ್ಯಾಪ್‌ಟಾಪಿನ ಹಾಳೆಗಳನ್ನೆಲ್ಲ ಸಮಾಧಾನದಿಂದ ನೋಡಿದರು, ನಗುವ ಅಜ್ಜನನ್ನೂ ನೋಡಿ ‘ಲಕ್ಷಣವಾಗಿದಾರೆ’ ಎಂದರು. ಅರ್ಧ ಅರ್ಧ ಪಾಲಿಗೆ ಒಪ್ಪಿದರು ಕೂಡ. ಆಮೇಲೆ ತುಪ್ಪ ತೆಗೆಯುವುದು ಹೇಗೆ ಎಂದು ಕೇಳಿದರು. ಪೆಟ್ಟಿಗೆ ತೆರೆಯಬೇಕು ಎಂದ ಬಾಮೈದ.

‘ಪೆಟ್ಟಿಗೆಗೆ ವಿದ್ಯುತ್ ಕಂಪನಿಯ ಸೀಲ್ ಇದೆಯಲ್ಲಪ್ಪ. ಒಡೆದರೆ ಕರೆಂಟ್ ಕದ್ದ ಕೇಸು ಬೀಳುತ್ತೆ.’

‘ಪರ್ಮಿಶನ್ ತಗೊಂಡ್ರೆ?’

‘ಅರ್ಜಿಯಲ್ಲಿ ಕಾರಣ ಏನಂತ ಬರೀತೀಯ?’

ಬಾಮೈದ ಮೇಲೆ ಬಂದು ಸೋಫಾದಲ್ಲಿ ಕೂತು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅವನ ಅಕ್ಕನಿಗೆ ಕರುಳು ಚುರುಕ್ಕೆಂದಿತು; ಎರಡು ದೋಸೆ ಹೊಯ್ದು, ಪಕ್ಕದಲ್ಲಿ ಹಸುವಿನ ತುಪ್ಪ ಬೆರೆಸಿದ ಚಟ್ನಿಪುಡಿ ಇಟ್ಟು ಕೊಟ್ಟಳು. ಹುರಿದ ಉದ್ದು, ಕೊಬ್ಬರಿ, ಬ್ಯಾಡಗಿ ಮೆಣಸಿನಕಾಯಿ, ಹುಣಿಸೆ, ಒಂದು ಚೂರು ಬೆಲ್ಲ. ಅವಳು ಅದನ್ನು ಯಾವ ಅಳತೆಯೂ ಇಲ್ಲದೆ, ರೇಡಿಯೊ ಕೇಳುತ್ತ ಕುಟ್ಟುವುದು. ಮೊದಲ ತುತ್ತು ಬಾಯಿಗಿಟ್ಟವನ ಕೈ ಅರ್ಧದಲ್ಲಿ ನಿಂತಿತು. ಕಣ್ಣು ಅಗಲವಾಯಿತು.

‘ಅಕ್ಕಾ...’

‘ಆ ಮಾತು ಆಡಿದರೆ ಮೂರನೇ ದೋಸೆ ಇಲ್ಲ’ ಎಂದಳು ಅವಳು ಒಳಗಿನಿಂದ.